ವಯಸ್ಸು 76, ರಕ್ತ ಹೇಳುವ ವಯಸ್ಸು ಎಷ್ಟು?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಯವರಿಗೆ 76 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಗಡ್ಡೆಯನ್ನು ಮೂರು ವಾರದ ಹಿಂದೆ ಆಪರೇಷನ್ ಮಾಡಿ ತೆಗೆದರು. ಮೂರನೇ ಹಂತ ಎಂದಿದ್ದಾರೆ. ಈ ವಯಸ್ಸಿನಲ್ಲಿ ಕೀಮೋ ಬೇಕೇ ಎಂದು ಮನೆಯಲ್ಲಿ ದಿನವೂ ವಾದ. ಮುಪ್ಪಿಗೆ ಸಂಬಂಧಿಸಿದ ಪ್ರೋಟೀನುಗಳನ್ನು ರಕ್ತದಲ್ಲಿ ಅಳೆದರೆ ಮುಂದೇನಾಗುತ್ತದೆಂದು ಗೊತ್ತಾಗುತ್ತದಂತೆ, ಅದನ್ನು ಮಾಡಿಸಿಯೇ ನಿರ್ಧರಿಸೋಣ ಎನ್ನುತ್ತಾನೆ ತಮ್ಮ. ಮಾಡಿಸಬಹುದೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಈ ತೀರ್ಮಾನಕ್ಕೆ ಆ ಪರೀಕ್ಷೆ ಬೇಡ. ಆದರೆ ನಿಮ್ಮ ತಮ್ಮ ಓದಿದ್ದು ಕಟ್ಟುಕಥೆಯೇನಲ್ಲ. ನಮ್ಮ ಓಪಿಡಿಗೆ ಒಂದೇ ದಿನ 76ರ ಇಬ್ಬರು ಬರುವುದುಂಟು. ಒಬ್ಬರು ಬಸ್ಸಿಳಿದು, ಮೆಟ್ಟಿಲು ಹತ್ತಿ, ಫೈಲನ್ನು ತಾವೇ ಬಿಚ್ಚಿ ಮುಂದಿಡುತ್ತಾರೆ. ಇನ್ನೊಬ್ಬರು ಕುರ್ಚಿಯ ಎರಡೂ ಕೈ ಹಿಡಿದು ಅರ್ಧ ಎದ್ದು, ಮತ್ತೆ ಕೂತು, ಎರಡನೇ ಸಲಕ್ಕೆ ಏಳುತ್ತಾರೆ; ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಜಾರುತ್ತಿರುತ್ತದೆ. ಆಧಾರ್ ಕಾರ್ಡಿನಲ್ಲಿ ಇಬ್ಬರದೂ ಒಂದೇ ವಯಸ್ಸು. ಈ ಅಂತರವನ್ನು ರಕ್ತದಲ್ಲೇ ಹಿಡಿಯಬಹುದೇ ಎಂಬ ಹುಡುಕಾಟ ಬಹಳ ವರ್ಷಗಳಿಂದ ನಡೆದಿದೆ.

ಹುಡುಕಾಟದಲ್ಲಿ ಹೆಚ್ಚು ಕೇಳಿಬರುವ ಹೆಸರು ಪಿ16. ಜೀವಕೋಶದ ಡಿಎನ್‌ಎ ಹಾಳಾಗುತ್ತ ಬಂದಾಗ ‘ಇನ್ನು ನೀನು ಎರಡಾಗಬೇಡ’ ಎಂದು ತಡೆಯುವ ಪ್ರೋಟೀನು ಇದು. ಹಾಗೆ ನಿಂತ ಕೋಶ ಸಾಯುವುದಿಲ್ಲ, ಸುಮ್ಮನೂ ಕೂರುವುದಿಲ್ಲ. ಐಎಲ್-6ರಂಥ ಉರಿಯೂತದ ವಸ್ತುಗಳನ್ನು ಸುತ್ತಮುತ್ತ ಸುರಿಸುತ್ತಲೇ ಇರುತ್ತದೆ. ವಯಸ್ಸಾದಂತೆ ರಕ್ತದ ಟಿ-ಕೋಶಗಳಲ್ಲಿ ಪಿ16 ಏರುತ್ತದೆ. ಸ್ತನ ಕ್ಯಾನ್ಸರಿಗೆ ಕೀಮೋ ಪಡೆದ ಮಹಿಳೆಯರಲ್ಲಿಯೂ ಅದು ಏರಿದ್ದನ್ನು ಅಮೆರಿಕದ ಸಂಶೋಧಕರು ಕಂಡಿದ್ದಾರೆ. ಚಿಕಿತ್ಸೆಯೇ ದೇಹಕ್ಕೆ ಒಂದಷ್ಟು ವಯಸ್ಸು ಸೇರಿಸುತ್ತದೆ ಎಂಬ ನಮ್ಮ ಅನುಮಾನಕ್ಕೆ ಅದರಿಂದ ಬಲ ಬಂತು. ಇನ್ನೊಂದು ಪ್ರೋಟೀನು ಜಿಡಿಎಫ್-15. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ ಇದು ಹೆಚ್ಚಿದ್ದರೆ ಸರಾಸರಿಯಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ.

ತೊಡಕಿರುವುದು ಆ ‘ಸರಾಸರಿ’ಯಲ್ಲೇ. ಜಿಡಿಎಫ್-15 ಹೃದಯ ಸೋತರೂ ಏರುತ್ತದೆ, ಕಿಡ್ನಿ ಕುಂದಿದರೂ ಏರುತ್ತದೆ, ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದರೂ ಏರುತ್ತದೆ. ಆಪರೇಷನ್ನಿನ ಗಾಯ ಮಾಯುತ್ತಿರುವಾಗ ಸಿಆರ್‌ಪಿ, ಐಎಲ್-6ರಂಥ ಉರಿಯೂತದ ಗುರುತುಗಳು ಮೇಲಿರುವುದು ಸಹಜ. ನಿಮ್ಮ ತಂದೆಯವರ ರಿಪೋರ್ಟಿನಲ್ಲಿ ದೊಡ್ಡ ಅಂಕಿ ಬಂದರೆ ಅದು ಮುಪ್ಪಿನದೋ ಕ್ಯಾನ್ಸರಿನದೋ ಮಾತ್ರೆಯದೋ ಯಾರೂ ಬಿಡಿಸಿ ಹೇಳಲಾರರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾಯಿಲೆ ಯಾವ ದಾರಿ ಹಿಡಿಯಬಹುದು ಎಂಬುದು ಒಂದು ಪ್ರಶ್ನೆ. ಈ ಔಷಧಿಯಿಂದ ಈ ರೋಗಿಗೆ ಲಾಭವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮುಪ್ಪಿನ ಪ್ರೋಟೀನುಗಳು ಮೊದಲನೆಯದಕ್ಕೆ ಒಂದಿಷ್ಟು ಸುಳಿವು ಕೊಡುತ್ತವೆ. ನಿಮ್ಮ ಮನೆಯಲ್ಲಿ ನಡೆದಿರುವ ವಾದ ಎರಡನೆಯದರ ಬಗ್ಗೆ. ಕೆಟ್ಟ ಅಂಕಿ ನೋಡಿ ಕೀಮೋ ಬೇಡವೆಂದು ಕೈಬಿಟ್ಟರೆ ಸಿಗಬೇಕಾದ ಚಿಕಿತ್ಸೆ ತಪ್ಪುತ್ತದೆ, ಅಷ್ಟೆ.

ಹಾಗಾದರೆ ಏನನ್ನು ನೋಡಬೇಕು? ಮೊದಲು ಬಯಾಪ್ಸಿ ರಿಪೋರ್ಟಿನ ಎರಡನೇ ಪುಟ ತೆಗೆಯಿರಿ. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳ ಹೆಸರಿದೆಯೇ? ಇಲ್ಲದಿದ್ದರೆ ಪರೀಕ್ಷೆ ಮಾಡಿಲ್ಲವೆಂದರ್ಥ. ತೆಗೆದ ಗಡ್ಡೆಯ ತುಣುಕು ಲ್ಯಾಬಿನಲ್ಲೇ ಇರುತ್ತದೆ, ಈಗಲೂ ಮಾಡಿಸಬಹುದು. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವುದು ಇವುಗಳ ಕೆಲಸ. ವಯಸ್ಸಾದವರಲ್ಲಿ, ಅದರಲ್ಲೂ ಬಲಭಾಗದ ಗಡ್ಡೆಗಳಲ್ಲಿ, ಎಂಎಲ್‌ಎಚ್1 ಜೀನಿಗೆ ರಾಸಾಯನಿಕ ಬೀಗ ಬಿದ್ದು ಆ ಪ್ರೋಟೀನೇ ಕಾಣೆಯಾಗಿರುವುದು ಹೆಚ್ಚು. ಮುಪ್ಪಿಗೆ ಸಂಬಂಧಿಸಿದ ಪ್ರೋಟೀನು ಎಂದರೆ ನನ್ನ ಲೆಕ್ಕದಲ್ಲಿ ಇದೇ. ಏಕೆಂದರೆ ಇದು ಚಿಕಿತ್ಸೆಯನ್ನೇ ಬದಲಿಸುತ್ತದೆ. ಇದು ಕಾಣೆಯಾಗಿದ್ದರೆ ಬರೀ ಕೆಪಿಸಿಟಬಿನ್ ಎಂಬ ಕೀಮೋ ಮಾತ್ರೆಯಿಂದ ಹೆಚ್ಚಿನ ಉಪಯೋಗ ನಿರೀಕ್ಷಿಸುವಂತಿಲ್ಲ. ಮುಂದೆ ಎಂದಾದರೂ ಕಾಯಿಲೆ ಹರಡಿದರೆ ಇಮ್ಯುನೋಥೆರಪಿ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆಯಿದೆ. ‘ನಮಗೂ ಬರುತ್ತದೆಯೇ’ ಎಂಬ ಹೆದರಿಕೆ ಮಕ್ಕಳಿಗಿದ್ದರೆ ಗಡ್ಡೆಯಲ್ಲಿ ಬಿಆರ್‌ಎಎಫ್ ಪರೀಕ್ಷೆಯನ್ನೂ ಕೇಳಿ. ಅದರಲ್ಲಿ ವಿ600ಇ ಬದಲಾವಣೆ ಕಂಡರೆ ವಂಶಪಾರಂಪರ್ಯದ ಸಾಧ್ಯತೆ ತೀರಾ ಕಡಿಮೆ.

ನಾಲ್ಕೂ ಪ್ರೋಟೀನು ಇದ್ದರೆ, ಎಪ್ಪತ್ತು ದಾಟಿದವರಿಗೂ ಕೆಪಿಸಿಟಬಿನ್‌ನಂಥ ಔಷಧಿಯಿಂದ ಲಾಭವಿದೆ. ಅದರ ಜೊತೆಗೆ ಆಕ್ಸಾಲಿಪ್ಲಾಟಿನ್ ಸೇರಿಸಿದರೆ ಈ ವಯಸ್ಸಿನಲ್ಲಿ ಎಷ್ಟು ಹೆಚ್ಚುವರಿ ಲಾಭ ಎಂಬುದು ಚರ್ಚೆಯಲ್ಲಿದೆ. ಆಕ್ಸಾಲಿಪ್ಲಾಟಿನ್‌ನಿಂದ ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲೂ ಕಷ್ಟವಾಗಬಹುದೆಂಬುದು ಮಾತ್ರ ಖಚಿತ.

ಇನ್ನು ದೇಹದ ಶಕ್ತಿಯ ವಿಚಾರ. ಜಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ. ಊಟ ಹೇಗಿದೆ, ಮೂರು ತಿಂಗಳಲ್ಲಿ ತೂಕ ಇಳಿದಿದೆಯೇ, ಮನೆಯಿಂದ ಹೊರಗೆ ಓಡಾಡುತ್ತಾರೆಯೇ, ಮರೆವು ಇದೆಯೇ, ದಿನಕ್ಕೆ ಮೂರಕ್ಕಿಂತ ಹೆಚ್ಚು ಔಷಧಿಗಳಿವೆಯೇ, ಹೀಗೆ. ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ವೃದ್ಧರ ಆರೋಗ್ಯ ತಿಳಿದ ವೈದ್ಯರು ವಿವರವಾಗಿ ನೋಡಬೇಕು. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಬಹುಶಃ ಅದಕ್ಕೇ ಯಾವ ಲ್ಯಾಬಿನ ಪ್ಯಾಕೇಜಿನಲ್ಲೂ ಕಾಣಿಸುವುದಿಲ್ಲ! ಡೆನ್ಮಾರ್ಕಿನಲ್ಲಿ 70 ದಾಟಿದ, ದುರ್ಬಲರಾಗಿದ್ದ 142 ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಅಧ್ಯಯನ ನಡೆಯಿತು. ಹೀಗೆ ವಿವರವಾಗಿ ನೋಡಿ ಔಷಧಿ, ಆಹಾರ, ವ್ಯಾಯಾಮ ಸರಿಪಡಿಸಿದ ಗುಂಪಿನಲ್ಲಿ ಶೇ 45 ಮಂದಿ ಅಂದುಕೊಂಡಂತೆ ಕೀಮೋ ಮುಗಿಸಿದರು. ಉಳಿದ ಗುಂಪಿನಲ್ಲಿ ಮುಗಿಸಿದವರು ಶೇ 28.

ಒಂದು ಮಾತು: ಆಪರೇಷನ್ ಆದ ಎಂಟು ವಾರದೊಳಗೆ ಕೀಮೋ ಶುರುವಾಗುವುದು ಒಳ್ಳೆಯದು. ವಾದವನ್ನು ಈ ವಾರವೇ ಮುಗಿಸಿ. ತಂದೆಯವರ ಅಭಿಪ್ರಾಯ ಏನೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ, ಅವರನ್ನೂ ಕೇಳಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 72. ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ. ಎರಡು ತುತ್ತಿಗೇ ಸಾಕು ಅನ್ನುತ್ತಾರೆ, ವಾಸನೆಗೇ ವಾಕರಿಕೆ. ನಾವು ಒತ್ತಾಯ ಮಾಡಿದರೆ ಅಳುತ್ತಾರೆ. ಇದು ವಯಸ್ಸಿನಿಂದಲೇ?
— ಒಬ್ಬ ಸೊಸೆ, ದಾವಣಗೆರೆ

ಉತ್ತರ: ಹಟವೂ ಅಲ್ಲ, ಬರೀ ವಯಸ್ಸೂ ಅಲ್ಲ. ಮೇಲೆ ಹೇಳಿದ ಜಿಡಿಎಫ್-15 ಮೆದುಳಿನ ಕಾಂಡದಲ್ಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಂಡು ಹಸಿವನ್ನು ಅಡಗಿಸುತ್ತದೆ, ವಾಕರಿಕೆ ತರಿಸುತ್ತದೆ. ಇದನ್ನು ಕಟ್ಟಿಹಾಕುವ ಪೊನ್ಸೆಗ್ರೊಮ್ಯಾಬ್ ಎಂಬ ಇಂಜೆಕ್ಷನ್ ಪಡೆದ ಶ್ವಾಸಕೋಶ, ಮೇದೋಜ್ಜೀರಕ ಮತ್ತು ಕರುಳಿನ ಕ್ಯಾನ್ಸರ್ ರೋಗಿಗಳ ತೂಕ ಹೆಚ್ಚಿದ್ದು 2024ರ ವರದಿಯಲ್ಲಿದೆ. ಅದಿನ್ನೂ ಪ್ರಯೋಗದ ಹಂತದ ಔಷಧಿ, ಅಂಗಡಿಯಲ್ಲಿ ಹುಡುಕಬೇಡಿ.

ಈಗ ಮಾಡಬಹುದಾದದ್ದು: ತಟ್ಟೆ ತುಂಬ ಬಡಿಸಬೇಡಿ, ನೋಡಿಯೇ ಹೊಟ್ಟೆ ತುಂಬಿಬಿಡುತ್ತದೆ. ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲಲ್ಲಿ ಕೊಡಿ, ಒಗ್ಗರಣೆಯ ಘಾಟು ಅಡುಗೆಮನೆಯಲ್ಲೇ ಇರಲಿ. ರಾಗಿ ಗಂಜಿ ಒಳ್ಳೆಯದೇ, ಆದರೆ ಅದೊಂದರಿಂದಲೇ ಪ್ರೋಟೀನು ಸಾಲದು. ಬೆಂದ ಹೆಸರುಬೇಳೆ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ ಸೇರಿಸಿ. ಕಿಡ್ನಿ ಸರಿಯಿದ್ದರೆ 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 75 ಗ್ರಾಂ ಪ್ರೋಟೀನು ಗುರಿ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು ಆರು ಗ್ರಾಂ. ಬಾಯಿಹುಣ್ಣು, ಮಲಬದ್ಧತೆ ಇವೆಯೇ ನೋಡಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಗಮನಕ್ಕೆ ತನ್ನಿ. ಹೊಟ್ಟೆ ಉಬ್ಬರಿಸಿ, ಗ್ಯಾಸೂ ಹೋಗದೆ ವಾಂತಿ ಶುರುವಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೊರಡಿ. ಕರುಳು ಕಟ್ಟಿಕೊಂಡಿರಬಹುದು.

ಪ್ರಶ್ನೆ: ನನಗೆ 68, ಮೊದಲು ಬೀಡಿ ಸೇದುತ್ತಿದ್ದೆ. ಮಲದಲ್ಲಿ ಆಗಾಗ ರಕ್ತ ಬೀಳುತ್ತದೆ, ಮೂಲವ್ಯಾಧಿ ಎಂದುಕೊಂಡಿದ್ದೇನೆ. ಸಿಇಎ ಪರೀಕ್ಷೆ 3.2 ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?
— ಹುಬ್ಬಳ್ಳಿ

ಉತ್ತರ: ಇರಬೇಡಿ. ಸಿಇಎಯನ್ನು 1965ರಲ್ಲಿ ಮಾಂಟ್ರಿಯಲ್‌ನ ಗೋಲ್ಡ್ ಮತ್ತು ಫ್ರೀಡ್‌ಮನ್ ಪತ್ತೆ ಮಾಡಿದಾಗ ಒಂದು ಸಿರಿಂಜು ರಕ್ತದಲ್ಲೇ ಕರುಳಿನ ಕ್ಯಾನ್ಸರ್ ಸಿಕ್ಕಿಬೀಳುತ್ತದೆಂದು ಬಹಳ ಆಸೆಯಿತ್ತು. ಹಾಗಾಗಲಿಲ್ಲ. ಆರಂಭದ ಹಂತದಲ್ಲಿ ಅದು ಅನೇಕರಲ್ಲಿ ಸಹಜ ಮಿತಿಯಾದ 5ರ ಒಳಗೇ ಇರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಿರುತ್ತದೆ. ಚಿಕಿತ್ಸೆ ಆದವರಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿ ಏರಿಳಿತ ಗಮನಿಸುವುದಕ್ಕೆ ಅದು ಸರಿ. ನಿಮಗೆ ಬೇಕಿರುವುದು ಕೊಲೊನೋಸ್ಕೋಪಿ. ಮೂಲವ್ಯಾಧಿ ಇದ್ದರೂ ಅದಕ್ಕಿಂತ ಮೇಲೆ ಕರುಳಿನಲ್ಲಿ ಗಡ್ಡೆ ಇರಬಾರದೆಂದೇನಿಲ್ಲ.

ಪ್ರಶ್ನೆ: ಕೀಮೋ ಮುಗಿದ ಮೇಲೆ ವ್ಯಾಯಾಮದಿಂದ ಕ್ಯಾನ್ಸರ್ ಮರಳದಂತೆ ತಡೆಯಬಹುದೇ? ಅಥವಾ ಬರೀ ಸಮಾಧಾನದ ಮಾತೇ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೊನ್ನೆಯವರೆಗೆ ನಾನೂ ಅರ್ಧ ಸಮಾಧಾನಕ್ಕೇ ಹೇಳುತ್ತಿದ್ದೆ. 2025ರಲ್ಲಿ ಪ್ರಕಟವಾದ ಚಾಲೆಂಜ್ ಅಧ್ಯಯನದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿಸಿದರು. ಉಳಿದವರಿಗೆ ಓದಲು ಪುಸ್ತಿಕೆ ಕೊಟ್ಟರು. ಐದು ವರ್ಷಕ್ಕೆ ಕಾಯಿಲೆ ಇಲ್ಲದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 74. ಅವರಲ್ಲಿ ಹೆಚ್ಚಿನವರು ನಿಮಗಿಂತ ಚಿಕ್ಕವರಿರಬಹುದು, ಆದರೆ ಹೆಚ್ಚಿನವರು ಮಾಡಿದ್ದು ಜಿಮ್ಮಿನ ಸಾಹಸವಲ್ಲ, ಬಿರುಸಿನ ನಡಿಗೆ. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು ಸಾಕು. ಪಾದ ಜೋಮು ಹಿಡಿದಿದ್ದರೆ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಶೂ ಹಾಕಿ, ಕತ್ತಲಲ್ಲಿ ಹೋಗಬೇಡಿ. ಹೊಟ್ಟೆಯ ಮೇಲೆ ಸ್ಟೋಮಾ ಚೀಲ ಇದ್ದರೆ ಭಾರ ಎತ್ತುವ ಮುನ್ನ ಸರ್ಜನ್‌ರನ್ನು ಕೇಳಿ.