ಫಾಸ್ಟರ್ ಮನೆಗಳಲ್ಲಿ ಬೆಳೆದವರಿಗೆ ಮಂಡಳಿಯಲ್ಲಿ ಸ್ಥಾನ

ಸರ್ಕಾರದ ಆಸರೆಯಲ್ಲಿ ಬೆಳೆಯುವ ಮಗುವಿನ ಕಡತದಲ್ಲಿ ‘ವಾಸಸ್ಥಳ ಬದಲಾಯಿಸಲಾಗಿದೆ’ ಎಂಬ ಒಂದು ಸಾಲು ಇರುತ್ತದೆ. ದಿನಾಂಕ, ಸಹಿ ಎಲ್ಲವೂ ಸರಿಯಾಗಿಯೇ ಇರುತ್ತವೆ. ಆ ಮನೆ ಬಿಟ್ಟು ಈ ಮನೆಗೆ ಬಂದ ಮಗುವಿಗೆ ನೆನಪಿರುವುದು ಮಾತ್ರ ಬೇರೆ: ಬಟ್ಟೆಬರೆ ತುರುಕಿದ ಕಪ್ಪು ಕಸದ ಚೀಲ, ನಡುವರ್ಷದಲ್ಲಿ ತಪ್ಪಿದ ಶಾಲೆ, ಹಿಂದೆಯೇ ಉಳಿದ ತಮ್ಮ. ಸಾಮಾನನ್ನು ಕಸದ ಚೀಲದಲ್ಲಿ ತುಂಬಿ ಕಳಿಸುತ್ತಾರೆಂಬುದು ಅಮೆರಿಕದ ಫಾಸ್ಟರ್ ಮಕ್ಕಳ ಹಳೆಯ ದೂರು. ಕಡತ ನೋಡುವ ಮಂಡಳಿಯಲ್ಲಿ ಹಾಗೆ ಮನೆ ಬದಲಿಸಿದವರು ಒಬ್ಬರಿದ್ದರೆ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ಹೋಗಬೇಕೆಂದು ಮಗುವಿಗೆ ಯಾರು ಹೇಳಿದರು, ಎಷ್ಟು ದಿನ ಮೊದಲು ಹೇಳಿದರು? ಹಳೆಯ ಶಾಲೆಗೇ ಹೋಗಿಬರಲು ವಾಹನದ ಏರ್ಪಾಡು ಮಾಡಿದಿರಾ? ತಮ್ಮನನ್ನು ಕೊನೆಯ ಸಲ ಯಾವಾಗ ತೋರಿಸಿದಿರಿ? ಇವು ಕನಿಕರದ ಪ್ರಶ್ನೆಗಳಲ್ಲ. ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು, ಆಗದಿದ್ದರೆ ಭೇಟಿ ಮಾಡಿಸಲು ಪ್ರಯತ್ನಿಸಬೇಕೆಂದೂ, ಹಿತವೆನಿಸಿದರೆ ಹಳೆಯ ಶಾಲೆಯಲ್ಲೇ ಓದಿಸಬೇಕೆಂದೂ 2008ರ ಫೆಡರಲ್ ಕಾನೂನು ರಾಜ್ಯಗಳಿಗೆ ವಿಧಿಸಿದೆ.

ಮನೆಯಲ್ಲಿ ಹಿಂಸೆಗೋ ನಿರ್ಲಕ್ಷ್ಯಕ್ಕೋ ಗುರಿಯಾದ ಮಗುವನ್ನು ಕೋರ್ಟಿನ ಆದೇಶದ ಮೇಲೆ ಬೇರೆ ಕುಟುಂಬದಲ್ಲಿ ಇರಿಸುವ ವ್ಯವಸ್ಥೆಯೇ ಫಾಸ್ಟರ್ ಕೇರ್. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಇದರ ಹೊಣೆ 1964ರಲ್ಲಿ ಶುರುವಾದ ಮಕ್ಕಳ ಮತ್ತು ಕುಟುಂಬ ಸೇವೆಗಳ ಇಲಾಖೆಯದು (ಡಿಸಿಎಫ್‌ಎಸ್). ಡೆಟ್ರಾಯ್ಟ್ ಇರುವ ಮಿಶಿಗನ್‌ನಲ್ಲಿ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಮಕ್ಕಳಿಗೆಂದೇ ಜಗತ್ತಿನ ಮೊದಲ ಪ್ರತ್ಯೇಕ ನ್ಯಾಯಾಲಯ 1899ರಲ್ಲಿ ಶಿಕಾಗೋದಲ್ಲೇ ತೆರೆಯಿತು. ಆದರೆ ಆ ಮಕ್ಕಳ ಬಾಳಿನ ಬಗ್ಗೆ ತೀರ್ಮಾನಿಸುವ ಮೇಜಿನ ಸುತ್ತ ಅಂಥ ಬಾಲ್ಯ ಕಂಡವರನ್ನೂ ಕೂರಿಸಬೇಕು ಎಂಬ ಮಾತು ಕಾನೂನಿನೊಳಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲು ಫೆಡರಲ್ ಕಾನೂನು ನೋಡೋಣ. ಮಕ್ಕಳ ಮೇಲಿನ ದೌರ್ಜನ್ಯ ತಡೆಗೆಂದು ‘ಕ್ಯಾಪ್ಟಾ’ ಕಾಯ್ದೆಯಡಿ ಹಣ ಪಡೆಯುವ ರಾಜ್ಯಗಳು ನಾಗರಿಕರ ಪರಿಶೀಲನಾ ಸಮಿತಿಗಳನ್ನು ಇಟ್ಟುಕೊಳ್ಳಲೇಬೇಕು. 1996ರ ತಿದ್ದುಪಡಿ ತಂದ ಷರತ್ತು ಇದು. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವರ್ಷಕ್ಕೊಂದು ವರದಿ ಕೊಡಬೇಕು, ವರದಿಗೆ ಇಲಾಖೆ ಆರು ತಿಂಗಳೊಳಗೆ ಲಿಖಿತವಾಗಿ ಉತ್ತರಿಸಬೇಕು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಈಗ ವಯಸ್ಕರಾದವರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು 2010ರ ತಿದ್ದುಪಡಿ ಅವಕಾಶ ಕೊಟ್ಟಿತು. ಕೊಟ್ಟಿದ್ದು ಅವಕಾಶ ಮಾತ್ರ, ಕಡ್ಡಾಯ ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ತಜ್ಞರು ಇರಲೇಬೇಕು, ಅನುಭವಿಸಿದವರು ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು ಎಂದರೆ, ಕೊನೆಗೆ ಖಾಲಿ ಉಳಿಯುವುದು ಯಾರ ಸ್ಥಾನ ಎಂದು ಊಹಿಸುವುದು ಕಷ್ಟವಲ್ಲ.

ಇಲಿನಾಯ್ ಇಲ್ಲಿ ಒಂದು ಹೆಜ್ಜೆ ಮುಂದಿದೆ. ಡಿಸಿಎಫ್‌ಎಸ್‌ನ ರಾಜ್ಯ ಮಟ್ಟದ ಯುವ ಸಲಹಾ ಮಂಡಳಿಗೆ ಪ್ರತ್ಯೇಕ ಕಾಯ್ದೆಯೇ ಇದೆ. ಅದರ ಕೆಳಗೆ ಪ್ರಾದೇಶಿಕ ಮಂಡಳಿಗಳಿವೆ. ಇಲಾಖೆಯ ಆಸರೆಯಲ್ಲಿರುವ, ಇಲ್ಲವೇ ಹಿಂದೆ ಇದ್ದ ಹದಿಹರೆಯದವರು ಇಲ್ಲಿ ಸೇರಿ ತಮಗೆ ತಟ್ಟುವ ನಿಯಮಗಳ ಬಗ್ಗೆ ಇಲಾಖೆಗೆ ನೇರವಾಗಿ ಹೇಳುತ್ತಾರೆ. ಇದಲ್ಲದೆ ಗವರ್ನರ್ ನೇಮಿಸುವ ಇಲಾಖಾ ಸಲಹಾ ಮಂಡಳಿಯೊಂದಿದೆ. ಅದರಲ್ಲಿ ಪ್ರಾದೇಶಿಕ ಯುವ ಮಂಡಳಿಗಳ ಪ್ರತಿನಿಧಿಗಳಿಗೂ ಫಾಸ್ಟರ್ ಕೇರ್‌ನಲ್ಲಿ ಬೆಳೆದ ವಯಸ್ಕರಿಗೂ ಕಾನೂನೇ ಜಾಗ ಇಟ್ಟಿದೆ. ಈ ಎರಡಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಯುವಜನರದೇ ಮಂಡಳಿ. ಎರಡನೆಯದರಲ್ಲಿ ಅವರು ಹಿರಿಯರ ಪಕ್ಕ ಅದೇ ಹಕ್ಕಿನಿಂದ ಕೂರುತ್ತಾರೆ. ಯುವ ಮಂಡಳಿಗೆ ಸೇರಲು ನಿಮ್ಮ ಕೇಸ್‌ವರ್ಕರ್ ಮೂಲಕವೋ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲೋ ಕೇಳಬೇಕು. ಗವರ್ನರ್ ನೇಮಕಾತಿಗೆ ರಾಜ್ಯದ ನೇಮಕಾತಿ ಕಚೇರಿಗೆ ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಶಿಫಾರಸಿಗೆ ಕಾಯಬೇಕಿಲ್ಲ.

ಮಿಶಿಗನ್‌ನ ದಾರಿ ಬೇರೆ. ಅಲ್ಲಿ 1984ರ ಕಾಯ್ದೆ ‘ಫಾಸ್ಟರ್ ಕೇರ್ ರಿವ್ಯೂ ಬೋರ್ಡ್’ಗಳನ್ನು ಹುಟ್ಟುಹಾಕಿತು. ಇವು ಇಲಾಖೆಯ ಕೈಕೆಳಗಿಲ್ಲ, ರಾಜ್ಯ ನ್ಯಾಯಾಲಯ ಆಡಳಿತ ಕಚೇರಿಯಡಿ ಕೆಲಸ ಮಾಡುತ್ತವೆ. ಸದಸ್ಯರೆಲ್ಲ ಸ್ವಯಂಸೇವಕರು. ಇಲಾಖೆ, ಮಕ್ಕಳನ್ನು ಇರಿಸುವ ಏಜೆನ್ಸಿ ಅಥವಾ ಕೋರ್ಟಿನ ನೌಕರರು ಸದಸ್ಯರಾಗುವಂತಿಲ್ಲ. ಮಗುವನ್ನು ಒಂದು ಫಾಸ್ಟರ್ ಮನೆಯಿಂದ ಬೇರೆಡೆಗೆ ಕಳಿಸಲು ಏಜೆನ್ಸಿ ಹೊರಟಾಗ, ಒಪ್ಪದ ಫಾಸ್ಟರ್ ತಂದೆತಾಯಿ 3 ದಿನದೊಳಗೆ ಈ ಬೋರ್ಡಿಗೆ ಮೇಲ್ಮನವಿ ಕೊಡಬಹುದು. ಬೋರ್ಡು 7 ದಿನದೊಳಗೆ ವಿಚಾರಿಸಬೇಕು. ಮೊದಲು ಹೇಳಿದ ಆ ಒಂದು ಸಾಲು ಕಡತಕ್ಕೆ ಏರುವ ಮುನ್ನ ಅದನ್ನು ತಡೆದು ನಿಲ್ಲಿಸಿ ಪ್ರಶ್ನಿಸಬಲ್ಲ ಜಾಗ ಇದು. ಹಾಗಾಗಿ ಇಲ್ಲಿ ಒಬ್ಬ ಫಾಸ್ಟರ್ ಕೇರ್ ಅನುಭವಿ ಕೂತರೆ ಫಲ ಕೂಡಲೇ ಕಾಣುತ್ತದೆ. ಜೊತೆಗೆ ಮಿಶಿಗನ್ ಯೂತ್ ಆಪರ್ಚುನಿಟೀಸ್ ಇನಿಶಿಯೇಟಿವ್‌ನ ಯುವ ಮಂಡಳಿಗಳೂ ಇವೆ. ಸಾರ್ವಜನಿಕ ವೇದಿಕೆ ಹತ್ತುವ ಮುನ್ನ ಮಾತು ಕಲಿಯಲು ಅವು ಒಳ್ಳೆಯ ಮೊದಲ ಮೆಟ್ಟಿಲು.

ಮಂಡಳಿಗೆ ಹೋಗದ ಮಗುವಿಗೂ ತನ್ನ ವಿಷಯದಲ್ಲಿ ದನಿಯಿದೆ. 2014ರ ಫೆಡರಲ್ ಕಾನೂನಿನ ಪ್ರಕಾರ 14 ವರ್ಷ ತುಂಬಿದವರು ತಮ್ಮ ಕೇಸ್ ಪ್ಲಾನ್ (ಆರೈಕೆಯ ಯೋಜನೆ) ರೂಪಿಸುವಲ್ಲಿ ಪಾಲ್ಗೊಳ್ಳಬೇಕು, ತಮಗೆ ಬೇಕಾದ ಇಬ್ಬರನ್ನು ಆ ತಂಡಕ್ಕೆ ಆರಿಸಿಕೊಳ್ಳಬಹುದು. ಹಕ್ಕುಗಳ ಪಟ್ಟಿಯನ್ನು ಬರಹದಲ್ಲಿ ಕೊಟ್ಟು ಸಹಿ ಪಡೆಯುವುದು ಇಲಾಖೆಯ ಕರ್ತವ್ಯ.

ಆಹ್ವಾನ ಬಂದ ಯುವಕ, ಯುವತಿಯರಿಗೆ ನಾನು ಹೇಳುವುದು ಇಷ್ಟು: ಒಪ್ಪುವ ಮುನ್ನ ಕೇಳಿ. ನನಗೆ ಮತ ಇದೆಯೇ, ಇಲ್ಲ ಮಾತಾಡಲು ಮಾತ್ರ ಕರೆಯುತ್ತಿದ್ದೀರಾ? ನನ್ನಂಥವರು ಇನ್ನೊಬ್ಬರಾದರೂ ಇದ್ದಾರೆಯೇ? ಹನ್ನೆರಡು ಪರಿಣತರ ನಡುವೆ ಒಬ್ಬಂಟಿಯಾಗಿ ಕೂತವರ ಬಾಯಿ ಕಟ್ಟಿಹೋಗುವುದು ಸಹಜ. ಇಬ್ಬರಿದ್ದರೆ ಧೈರ್ಯ ಬೇರೆ. ಸಭೆ ಮಂಗಳವಾರ ಬೆಳಗ್ಗೆ ಹತ್ತಕ್ಕಿದ್ದರೆ, ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಆ ದಿನದ ಕೂಲಿಯೇ ಹೋಗುತ್ತದೆ. ಪ್ರಯಾಣದ ಖರ್ಚು, ಗೌರವಧನ ಉಂಟೇ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ಬಾಲ್ಯದ ಕಥೆ ಹೇಳಲೇಬೇಕೆಂದು ಯಾವ ಕಾನೂನೂ ಒತ್ತಾಯಿಸುವುದಿಲ್ಲ. ಸಮಾರಂಭದಲ್ಲಿ ಕಣ್ಣೀರು ತರಿಸಲು ಕರೆದು, ಬಜೆಟ್ ಚರ್ಚೆಗೆ ಬಂದಾಗ ಹೊರಗಿಡುವ ಮಂಡಳಿಗೆ ಹೋಗದಿರುವುದೇ ಮೇಲು. ಒಮ್ಮೆ ಸದಸ್ಯರಾದ ಮೇಲೆ ಗೋಪ್ಯತೆ ನಿಮ್ಮ ಹೊಣೆ ಕೂಡ: ಕ್ಯಾಪ್ಟಾ ಸಮಿತಿಯ ಸದಸ್ಯರು ಯಾವುದೇ ಮಗುವಿನ ಗುರುತು ಸಿಗುವ ಮಾಹಿತಿ ಹೊರಗೆ ಬಿಡುವಂತಿಲ್ಲ.

ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯ್ಟಿನ ಪಂಪ ಕನ್ನಡ ಕೂಟದಂಥ ಕಡೆಗಳಲ್ಲಿ ಸೇರುವ ಕುಟುಂಬಗಳಿಗೆ ಇದು ಪರರ ಮನೆಯ ವಿಷಯವೆಂದು ತೋರಬಹುದು. ಹಾಗಲ್ಲ. ಇಲಾಖೆ ನಮ್ಮ ಮನೆಗಳ ಕದವನ್ನೂ ತಟ್ಟುತ್ತದೆ. ಆಗ ಅಜ್ಜಿ ಮೊಮ್ಮಗುವಿಗೆ ಕೈಯಲ್ಲಿ ತುತ್ತು ಕೊಡುವುದು, ಹಾಸಿಗೆ ಹಂಚಿಕೊಂಡು ಮಲಗುವುದು ಏನೆಂದು ತಿಳಿದವರು ಪರಿಶೀಲಿಸುವ ಕಡೆ ಇರುವುದು ಎಲ್ಲರಿಗೂ ಒಳ್ಳೆಯದು. ಮಿಶಿಗನ್‌ನ ರಿವ್ಯೂ ಬೋರ್ಡಿನ ಸ್ವಯಂಸೇವೆಗೆ ಅಲ್ಲಿನ ಕನ್ನಡಿಗರೂ ಅರ್ಜಿ ಹಾಕಬೇಕು.

ನಮ್ಮೂರಿನ ಸ್ಥಿತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು, ಅಮೆರಿಕ ಇಂದಿಗೂ ಅನುಮೋದಿಸಿಲ್ಲ. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದವು. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಬಾಲಮಂದಿರಗಳಲ್ಲಿ ಮಕ್ಕಳ ಸಮಿತಿ ಇರಬೇಕೆನ್ನುತ್ತವೆ. ಅದೇ ನಿಯಮಗಳು ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಿಗೆ 35 ವರ್ಷ ದಾಟಿರಬೇಕು ಎನ್ನುತ್ತವೆ. ಬಾಲಮಂದಿರದಲ್ಲಿ ಬೆಳೆದು ಹೊರಬಂದ ಇಪ್ಪತ್ತೆರಡರ ಹುಡುಗಿಗೆ ಆ ಸಮಿತಿಯ ಬಾಗಿಲು ಹದಿಮೂರು ವರ್ಷ ಮುಚ್ಚಿರುತ್ತದೆ. ಸಮಿತಿಗೆ ನ್ಯಾಯಿಕ ಅಧಿಕಾರವಿದೆ, ಪ್ರಬುದ್ಧತೆ ಬೇಕು ಎಂಬ ವಾದ ಒಪ್ಪಬಹುದು. ಆದರೆ ಸಂಸ್ಥೆಗಳನ್ನು ಪರಿಶೀಲಿಸುವ ತಂಡಗಳಿಗೆ ಇವರನ್ನು ಸೇರಿಸಲು ಯಾವ ಅಡ್ಡಿಯಿದೆ?

ಸದಸ್ಯರಾಗದೆಯೂ ಒತ್ತಡ ತರಬಹುದು. ಇಲಿನಾಯ್‌ನ ಮುಕ್ತ ಸಭೆಗಳ ಕಾಯ್ದೆ ಸಲಹಾ ಮಂಡಳಿಗಳಿಗೂ ಸಾಮಾನ್ಯವಾಗಿ ಅನ್ವಯಿಸುತ್ತದೆ: ಕಾರ್ಯಸೂಚಿಯನ್ನು 48 ಗಂಟೆ ಮೊದಲು ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ಮಿಶಿಗನ್‌ನಲ್ಲಿ 1976ರ ಕಾಯ್ದೆಯೂ ತನ್ನ ವ್ಯಾಪ್ತಿಗೆ ಬರುವ ಸಭೆಗಳಲ್ಲಿ ಮಾತಾಡುವ ಹಕ್ಕು ಕೊಡುತ್ತದೆ. ಮಗುವಿನ ಖಾಸಗಿ ವಿವರ ಚರ್ಚಿಸುವ ಭಾಗ ಮುಚ್ಚಿರುತ್ತದೆ, ಅದು ಸರಿಯೇ. ಎರಡೂ ರಾಜ್ಯಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ 5 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಇಲಾಖೆ ಇನ್ನೂ ಕಾಲಾವಕಾಶ ಕೇಳಬಹುದು. ಅರ್ಜಿಯಲ್ಲಿ ಹೀಗೆ ಕೇಳಿ: ಮಂಡಳಿಯಲ್ಲಿ ಫಾಸ್ಟರ್ ಕೇರ್ ಅನುಭವಿಗಳಿಗೆ ಎಷ್ಟು ಸ್ಥಾನ, ಎಷ್ಟು ಖಾಲಿ, ಎಷ್ಟು ಕಾಲದಿಂದ ಖಾಲಿ? ಸಭೆಯಲ್ಲಿ ಮಾತಿಗೆ ಅವಕಾಶ ನಿರಾಕರಿಸಿದರೆ ಇಲಿನಾಯ್‌ನಲ್ಲಿ 60 ದಿನದೊಳಗೆ ಅಟಾರ್ನಿ ಜನರಲ್ ಕಚೇರಿಯ ಪಬ್ಲಿಕ್ ಆಕ್ಸೆಸ್ ಕೌನ್ಸೆಲರ್‌ಗೆ ಬರೆಯಿರಿ. ಮಿಶಿಗನ್‌ನಲ್ಲಿ ಅದಕ್ಕೆ ಸರ್ಕಿಟ್ ಕೋರ್ಟಿಗೆ ಹೋಗಬೇಕು.