ಕಣ್ಣಿಗೆ ಹೂ ಬೀಳುವ ಮುನ್ನ



ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂಥ ತಿಳಿಯಾದ ಪದರವಿದೆ. ಅದೇ ಕಾರ್ನಿಯಾ. ಟಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಚಾಟನಿ ಮಾಡುವಾಗ ಕಡ್ಡಿ ಸಿಡಿದರೆ, ಜೋಳದ ರವದಿ ಬಡಿದರೆ ಅದು ಗೀರುತ್ತದೆ. ಗೀರಿನೊಳಗೆ ಬೂಷ್ಟು ಸೇರಿದರೆ ಹುಣ್ಣಾಗುತ್ತದೆ: ಕಣ್ಣು ಕೆಂಪಾಗಿ ನೀರು ಸೋರುತ್ತದೆ, ಬೆಳಕು ತಾಳದು, ಬಿಳಿ ಚುಕ್ಕಿ ಕಾಣುತ್ತದೆ.

"ಅಂಗಡ್ಯಾಗ ಒಂದು ಡ್ರಾಪ್ಸ್ ತಂದು ಹಾಕಿದ್ರಾತು" ಅನ್ನುವುದೇ ನಾವು ಕಂಡ ದೊಡ್ಡ ಕೇಡು. ಸ್ಟಿರಾಯ್ಡ್ ಹನಿಯಿಂದ ಕೆಂಪು ಇಳಿದೀತು, ಒಳಗೆ ಬೂಷ್ಟು ಹಬ್ಬುತ್ತದೆ. ಎದೆಹಾಲು, ಹರಳೆಣ್ಣೆಯೂ ಬ್ಯಾಡ. ಉಜ್ಜದೆ, ಅದೇ ದಿನ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗ್ರಿ. ಬೂಷ್ಟಿನ ಹುಣ್ಣಿಗೆ ನಾಟಾಮೈಸಿನ್ ಹನಿ ಕೊಡುತ್ತಾರೆ. ಮೊದಮೊದಲು ತಾಸಿಗೊಮ್ಮೆ, ಆಮೇಲೆ ವಾರಗಟ್ಟಲೆ. ಕೂಲಿ ತಪ್ಪುತ್ತದೆಂದು ನಡುವೆ ಬಿಡಬಾರದು. ಸಂಘದ ಒಳಸಾಲ ಇಂಥದ್ದಕ್ಕೇ ಅಲ್ಲವೇ?

ಹುಣ್ಣು ಮಾಯ್ದ ಮೇಲೆ ಕಲೆ ಉಳಿದರೆ 'ಹೂ ಬಿದ್ದದ' ಅನ್ನುತ್ತೇವೆ. ಇದು ಪೊರೆಯಲ್ಲ, ಪೊರೆಯ ಆಪರೇಶನ್‌ನಿಂದ ಹೋಗದು. ದೃಷ್ಟಿ ತೀರಾ ಮಂಜಾದರೆ ದಾನಿಯ ಕಾರ್ನಿಯಾ ಕಸಿ ಮಾಡಬೇಕಾಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಮರಣವಾದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಬಂದ್ ಮಾಡ್ರಿ. ಕನ್ನಡಕದವರೂ, ಪೊರೆಯ ಆಪರೇಶನ್ ಆದವರೂ ಕಣ್ಣು ಕೊಡಬಹುದು.