ಮಹಿಳಾ ಉದ್ಯಮಶೀಲತೆಯ ಅಧ್ಯಯನ: ಹೆಸರು ಯಾರದು, ಲೆಕ್ಕ ಯಾರದು?

ದೊಡ್ಡಬಳ್ಳಾಪುರದ ಸೀರೆ ನೇಯುವ ಮನೆಗಳಲ್ಲಿ ಪತಿ ವಿದ್ಯುತ್ ಮಗ್ಗ ನಡೆಸಿದರೆ ಪತ್ನಿ ಕಂಡಿಕೆ ಸುತ್ತುವುದು, ಕಡಿದ ಎಳೆ ಕೂಡಿಸುವುದು ಸಾಮಾನ್ಯ. ಮಗ್ಗ ಆತನ ಹೆಸರಿನಲ್ಲಿ, ಸಾಲ ಆಕೆಯ ಹೆಸರಿನಲ್ಲಿ ಇರುವಾಗ ಆ ಘಟಕದ ಉದ್ಯಮಿ ಯಾರು? ಮಹಿಳಾ ಉದ್ಯಮಶೀಲತೆಯ ಸಂಶೋಧನೆ ಬಹುಕಾಲ ಈ ಪ್ರಶ್ನೆಯನ್ನು ಬದಿಗಿಟ್ಟೇ ನಡೆದಿದೆ.

ಬೆಂಗಳೂರಿನಲ್ಲಿ 1983ರಲ್ಲಿ ಮಹಿಳಾ ಉದ್ಯಮಿಗಳ ಸಂಸ್ಥೆಯಾದ ಅವೇಕ್ ಸ್ಥಾಪನೆಯಾದ ಕಾಲದ ಅಧ್ಯಯನಗಳು ಉದ್ಯಮಿಯ ವಯಸ್ಸು, ವಿದ್ಯಾಭ್ಯಾಸ, ಪ್ರೇರಣೆ ಇವುಗಳನ್ನೇ ಹೆಚ್ಚಾಗಿ ವಿಚಾರಿಸಿದವು. ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಬಳಿಕ ಗಮನ ಸ್ವಸಹಾಯ ಗುಂಪುಗಳತ್ತ ಹೊರಳಿತು. ಸಾಲ ಮರುಪಾವತಿಯೇ ಯಶಸ್ಸಿನ ಅಳತೆಗೋಲಾಯಿತು. ಪುರುಷನನ್ನು ಮಾನದಂಡವಾಗಿಟ್ಟು ಮಹಿಳೆಯ ಕೊರತೆಗಳನ್ನು ಹುಡುಕುವ ಈ ಕ್ಷೇತ್ರದ ರೂಢಿಯನ್ನು ಸ್ವೀಡನ್ನಿನ ಹೆಲೆನ್ ಆಲ್ 2006ರಲ್ಲಿ ಕಟುವಾಗಿ ವಿಮರ್ಶಿಸಿದರು.

ಲೆಕ್ಕಪರಿಶೋಧಕರಿಗೆ ಹೆಚ್ಚು ಪ್ರಯೋಜನವಾಗುವುದು ಇನ್ನೊಂದು ಚರ್ಚೆ. ಶ್ರೀಲಂಕಾದಲ್ಲಿ ಸಣ್ಣ ಉದ್ಯಮಿಗಳಿಗೆ ಅನುದಾನ ನೀಡಿ ನಡೆಸಿದ ಪ್ರಯೋಗದಲ್ಲಿ ಪುರುಷರ ಘಟಕಗಳ ಲಾಭ ಏರಿತು, ಮಹಿಳೆಯರದು ಏರಲಿಲ್ಲ. ಹಾಗಾದರೆ ಮಹಿಳೆಗೆ ಬಂಡವಾಳ ವ್ಯರ್ಥವೇ? ಭಾರತ, ಶ್ರೀಲಂಕಾ, ಘಾನಾಗಳ ಮಾಹಿತಿಯನ್ನು ಮರುಪರಿಶೀಲಿಸಿ 2019ರಲ್ಲಿ ಪ್ರಕಟವಾದ ಪ್ರಬಂಧ ಬೇರೆಯೇ ಚಿತ್ರ ನೀಡಿತು. ಮಹಿಳೆಗೆ ಬಂದ ಹಣ ಹಲವೆಡೆ ಪತಿಯ ಉದ್ಯಮಕ್ಕೆ ಹರಿದಿತ್ತು. ಇಡೀ ಮನೆಯ ಆದಾಯವನ್ನು ನೋಡಿದಾಗ ವ್ಯತ್ಯಾಸ ಉಳಿಯಲಿಲ್ಲ. ಮನೆಯಲ್ಲಿ ತಾನೊಬ್ಬಳೇ ಉದ್ಯಮ ನಡೆಸುವ ಮಹಿಳೆಯ ಲಾಭವೂ ಪುರುಷನಿಗೆ ಸಮವಾಗಿತ್ತು.

ಮೇಲೆ ಹೇಳಿದ ಮಗ್ಗದ ಮನೆಯ ಕಥೆಯೂ ಇದೇ. ಸಾಲ ಆಕೆಯ ಹೊಣೆ, ಆಸ್ತಿ ಆತನದು. ಆಕೆಯ ಘಟಕವನ್ನಷ್ಟೇ ಅಳೆದವರಿಗೆ ನಷ್ಟ ಕಾಣುತ್ತದೆ, ಮುಂದಿನ ಸಾಲದ ಅರ್ಜಿಗೆ ಅದೇ ಅಡ್ಡಿಯಾಗುತ್ತದೆ. ಪ್ರತಿಫಲವಿಲ್ಲದೆ ಪತ್ನಿಗೆ ವರ್ಗಾಯಿಸಿದ ಆಸ್ತಿಯ ಆದಾಯವನ್ನು ತೆರಿಗೆ ಕಾನೂನು ಪತಿಯ ಆದಾಯಕ್ಕೇ ಸೇರಿಸುತ್ತದೆ. ಹೆಸರಿನ ಹಿಂದೇನಿದೆಯೆಂದು ತೆರಿಗೆ ಅಧಿಕಾರಿ ನೋಡುತ್ತಾನೆ. ಸಂಶೋಧಕ ಮಾತ್ರ ಹೆಸರಿನಲ್ಲೇ ನಿಲ್ಲುತ್ತಾನೆ!

2013-14ರ ಆರನೆಯ ಆರ್ಥಿಕ ಗಣತಿಯಂತೆ ದೇಶದಲ್ಲಿ ಮಹಿಳೆಯರ ಒಡೆತನದ ಘಟಕಗಳು ಸುಮಾರು 80.5 ಲಕ್ಷ, ಅಂದರೆ ಒಟ್ಟು ಘಟಕಗಳ ಶೇ. 13.76. ಅವುಗಳಲ್ಲಿ ಶೇ. 83ರಷ್ಟು ಕೂಲಿಯಾಳುಗಳಿಲ್ಲದವು. ಇಂಥ ಘಟಕಗಳಲ್ಲಿ ಮನೆ ಮತ್ತು ಉದ್ಯಮಗಳ ಲೆಕ್ಕ ಬೆರೆತಿರುವುದು ಸಹಜ. ಆದುದರಿಂದ ಜಿಲ್ಲೆಯಲ್ಲಿ ಅಧ್ಯಯನ ಕೈಗೊಳ್ಳುವವರು ಪ್ರಶ್ನಾವಳಿಯ ಜೊತೆಗೆ ಬ್ಯಾಂಕ್ ಪಾಸ್‌ಪುಸ್ತಕವನ್ನೂ ಕೇಳಿ ನೋಡಬೇಕು: ಸಾಲದ ಹಣ ಯಾವ ಖಾತೆಗೆ ಹೋಯಿತು, ಕಂತು ಯಾರ ದುಡಿಮೆಯಿಂದ ಸಂದಿತು, ಸೀರೆಯ ಮಾರಾಟದ ಹಣ ಯಾರ ಕೈಸೇರಿತು. ಕಂಡಿಕೆ ಸುತ್ತಿದ ಕೂಲಿಯನ್ನು ಮಾರುಕಟ್ಟೆಯ ದರದಲ್ಲಿ ಸೀರೆಯ ಅಸಲಿಗೆ ಸೇರಿಸಿದರೆ, ಇದುವರೆಗೆ ಪತಿಯ ಲಾಭವೆಂದು ಬರೆದ ಮೊತ್ತದಲ್ಲಿ ಆಕೆಯ ಪಾಲೆಷ್ಟೆಂಬುದೂ ತಿಳಿಯುತ್ತದೆ.